ಹಿಂದಿನಿಂದ ಹಿಡಿದ ಕೈ

ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ, ಕಲಘಟಗಿಯ ಅಂಚೆ ಕಚೇರಿಯಲ್ಲಿ, ಅಲ್ಲಿನ ಗುಮಾಸ್ತೆ ಊರ್ಮಿಳಾ ತಾನು ನೀರೊಳಗೆ ಒದ್ದಾಡುವುದನ್ನು ನಾಲ್ಕನೆಯ ಸಲ ನೋಡಬೇಕಾಯಿತು. ಪೋಸ್ಟ್‌ಮನ್ ಮೈಲಾರಿ ತನ್ನ ಮೊಬೈಲನ್ನು ಅಂಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ. ಪಿಂಚಣಿಗೆಂದು ಬಂದಿದ್ದ ಇಬ್ಬರು ಮುದುಕಿಯರೂ ಅವನ ಹಿಂದಿನಿಂದ ಕತ್ತು ಚಾಚಿದ್ದರು. ನೀರಿಗಿಳಿಸಿದವರು ತೆಗೆದುಕೊಟ್ಟ, ಊರ್ಮಿಳಾಳ ಮಗಳು ಭಾವನಾ ಭಾನುವಾರ ಸಂಜೆಯೇ ಎಲ್ಲರಿಗೂ ಕಳಿಸಿಬಿಟ್ಟಿದ್ದ ವಿಡಿಯೋ ಅದು. ನೇತ್ರಾಣಿ ದ್ವೀಪದ ಬುಡದಲ್ಲಿ, ಇಪ್ಪತ್ತೈದು ಅಡಿ ಆಳದ ನೀಲಿಯಲ್ಲಿ, ಮೈಗಂಟಿದ ಕರಿ ರಬ್ಬರಿನ ಅಂಗಿ ತೊಟ್ಟ ಐವತ್ತೊಂದು ವರ್ಷದ ಹೆಂಗಸೊಬ್ಬಳು ಹವಳದ ದಿಬ್ಬದ ಮೇಲೆ ಬಗ್ಗಿದ್ದಾಳೆ. ಇದ್ದಕ್ಕಿದ್ದಂತೆ ಕೈಕಾಲು ಬಡಿಯತೊಡಗುತ್ತಾಳೆ. ಬಾಯಿಗೆ ಕಚ್ಚಿದ್ದ ಉಸಿರಿನ ನಳಿಗೆ ಕಳಚಿಕೊಳ್ಳುತ್ತದೆ. ಗುಳ್ಳೆಗಳು ಮುಖವನ್ನೆಲ್ಲ ಮುಚ್ಚಿಬಿಡುತ್ತವೆ. "ಇಲ್ಲಿ ನೋಡ್ರಿ, ಇಲ್ಲಿ ಮೇಡಂ ಅಗದಿ ಅಂಜ್ಯಾರ," ಎಂದು ಮೈಲಾರಿ ಮುದುಕಿಯರಿಗೆ ವಿವರಿಸಿದ. ಅವರಲ್ಲೊಬ್ಬಳು, ಕೆಂಚವ್ವ, "ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಿತ್ತವಾ ನಿಮಗ," ಎಂದಳು. ಊರ್ಮಿಳಾ ನಕ್ಕಳು. ಇಂಥ ಮಾತಿಗೆ ನಗುವುದು ನಿನ್ನೆಯಿಂದ ರೂಢಿಯಾಗಿತ್ತು. ಎಲ್ಲರೂ ನೋಡುತ್ತಿದ್ದದ್ದು ಈಜುಗನ್ನಡಕದ ಗಾಜಿನ ಹಿಂದೆ ಅಗಲವಾಗಿ ಬಿಚ್ಚಿಕೊಂಡ ಅವಳ ಕಣ್ಣುಗಳನ್ನು. ಅವಳು ಮಾತ್ರ ಪ್ರತಿಸಲವೂ ಕೊನೆಯ ಎರಡು ಕ್ಷಣಕ್ಕಾಗಿ ಕಾಯುತ್ತಿದ್ದಳು. ಚಿತ್ರದ ಅಂಚಿನಿಂದ ಒಂದು ಕೈ ಬರುತ್ತದೆ. ಅದರ ಹಿಂದಿನ ಮನುಷ್ಯ ಕಾಣುವುದಿಲ್ಲ, ಬರೀ ಕೈ. ಅವಳ ಬೆನ್ನಿನ ಸಿಲಿಂಡರಿನ ಕುತ್ತಿಗೆಯನ್ನು ಹಿಂದಿನಿಂದ ಗಪ್ಪನೆ ಹಿಡಿದು ಮೇಲಕ್ಕೆ ಎಳೆಯುತ್ತದೆ. ಅಲ್ಲಿಗೆ ಮುಗಿಯಿತು.

ಅದು ಯಾರ ಕೈಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುರ್ಡೇಶ್ವರದಲ್ಲಿ ಜನರನ್ನು ಸಮುದ್ರದೊಳಗೆ ಕರೆದುಕೊಂಡು ಹೋಗುವ ಸಾಧಿಕ್ ಎಂಬ, ಗಡ್ಡ ಅರ್ಧ ನರೆತ ಮನುಷ್ಯನದು. ಆದರೂ ಭಾನುವಾರ ಆ ಎಳೆತ ಬೆನ್ನಿಗೆ ತಾಗಿದ ಕ್ಷಣದಲ್ಲಿ ಅವಳ ಮೈ ಬೇರೊಂದು ಹೆಸರನ್ನು ಹೇಳಿತ್ತು, ಮತ್ತು ಆ ಹೆಸರು ಈ ಎರಡು ದಿನವೂ ಚಹಾ ಸೋಸುವಾಗ, ಠಸ್ಸೆ ಒತ್ತುವಾಗ, ಗಂಡನ ಶರ್ಟಿಗೆ ಗುಂಡಿ ಹಚ್ಚುವಾಗ ಎದುರಿಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಮೈಲಾರಿ ಐದನೆಯ ಸಲ ವಿಡಿಯೋ ಒತ್ತಲು ಬೆರಳೆತ್ತಿದಾಗ ಅವಳು ಎದ್ದು ಒಳಗೆ ಹೋಗಿ, "ತಲಿ ಭಾಳ ನೋಯಿಸ್ಲಿಕ್ಕತ್ತದ್ರಿ ಸರ್, ಅರ್ಧಾ ದಿವಸ ರಜಾ ಬೇಕು," ಎಂದಳು. ಸಾಹೇಬರು ತಲೆಯೆತ್ತದೆ ಹ್ಞೂಂ ಎಂದರು. ತನ್ನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತು, ದನಿ ಒಂದಿಷ್ಟೂ ನಡುಗಲಿಲ್ಲ ಎಂದು ಅವಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಮನೆ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿ ಬಸ್ ಸ್ಟ್ಯಾಂಡಿಗೆ ಹೋಗಿ ಹುಬ್ಬಳ್ಳಿಯ ಬಸ್ಸು ಹತ್ತಿದಳು. ತವರೂರು ಕುಬಿಹಾಳಕ್ಕೆ ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಕೂಡ ಸ್ಪಷ್ಟವಾಗಿ ಅಂದುಕೊಳ್ಳಲಿಲ್ಲ. ಅಂದುಕೊಂಡರೆ ಇಳಿದುಬಿಡುತ್ತೇನೆ ಎಂಬ ಅಂಜಿಕೆಯಿತ್ತು.

ಬಸ್ಸಿನ ಕಿಟಕಿಯಾಚೆ ಭತ್ತದ ಗದ್ದೆಗಳು ಮುಗಿಯುವವರೆಗೂ ಅವಳ ಕಣ್ಣ ಮುಂದೆ ಇದ್ದದ್ದು ಭಾನುವಾರದ ದೋಣಿ. ತಂದೆತಾಯಿಯ ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತೆಂದು ಭಾವನಾ ಯಾರನ್ನೂ ಕೇಳದೆ ಏರ್ಪಾಡು ಮಾಡಿದ್ದಳು. ದಂಡೆಯ ಮೇಲಿನ ಕಚೇರಿಯಲ್ಲಿ ಒಂದು ಫಾರ್ಮು ಕೊಟ್ಟರು. ಹೃದಯದ ಕಾಯಿಲೆ ಇದೆಯೇ, ಉಬ್ಬಸ ಇದೆಯೇ, ಈಜು ಬರುತ್ತದೆಯೇ. ಈಜು ಬರದಿದ್ದರೂ ನಡೆಯುತ್ತದೆ, ಸುಮ್ಮನೆ ತಿಳಿದಿರಲಿ ಎಂದು ಕೇಳುತ್ತೇವೆ ಎಂದರು. ಗಂಡ ರಘೂತ್ತಮ ಇಬ್ಬರದ್ದನ್ನೂ ತಾನೇ ತುಂಬಿದ. ಕಾಲೇಜಿನಲ್ಲಿ ಪಾಠ ಮಾಡಿ ಮಾಡಿ ಅವನಿಗೆ ಎಲ್ಲರ ಉತ್ತರವನ್ನೂ ತಾನೇ ಬರೆಯುವ ಅಭ್ಯಾಸ. ಊರ್ಮಿಳಾಳ ಫಾರ್ಮಿನಲ್ಲಿ ಈಜಿನ ಮುಂದೆ 'ಇಲ್ಲ' ಎಂದು ಬರೆದು ಸಹಿಗೆ ಚಾಚಿದ. ಅವಳು ಆ 'ಇಲ್ಲ'ವನ್ನು ಓದಿ ಸಹಿ ಮಾಡಿದಳು. ಅದೇನು ಹೊಸದಲ್ಲ, ಮದುವೆಯಾದ ಮೊದಲ ವರ್ಷ ಶಾಲ್ಮಲೆಯ ದಂಡೆಯಲ್ಲಿ ಅತ್ತೆ "ನೀರಿಗೆ ಅಂಜತಾಳ, ಪಾಪ" ಎಂದಾಗಲೂ ಹೀಗೆಯೇ ಸುಮ್ಮನಿದ್ದಳು. ಅನಂತರ ರಬ್ಬರಿನ ಅಂಗಿಯ ಬೆನ್ನಿನ ಜಿಪ್ಪು ನಡುವಿನಲ್ಲೇ ನಿಂತುಬಿಟ್ಟಿತು. ಎರಡು ಸಲ ಜಗ್ಗಿ ನೋಡಿದ ಹುಡುಗಿ ಬೆವರೊರೆಸಿಕೊಂಡಳು. "ಇಕಿಗಿ ಎರಡ ನಂಬರ್ ದೊಡ್ಡದು ಕೊಡ್ರಿ," ಎಂದು ರಘೂತ್ತಮ ಎಲ್ಲರಿಗೂ ಕೇಳುವಂತೆ ಹೇಳಿ ನಕ್ಕ. ಸಾಧಿಕ್ ಮಾತ್ರ ನಗಲಿಲ್ಲ. "ಅಮ್ಮ, ಒಂದು ಮಾತು ನೆನಪಿಡಿ, ಆಯ್ತಾ? ಕೆಳಗೆ ಉಸಿರು ಹಿಡಿಯೋಕೆ ಹೋಗ್ಬಾರ್ದು. ಬಾಯಿಂದ ಆಡ್ತಾ ಇರ್ಬೇಕು. ನಾನು ನಿಮ್ಮ ಹಿಂದೇನೇ ಇರ್ತೇನೆ," ಎಂದ. ಉಸಿರು ಹಿಡಿಯಬಾರದು. ಉಸಿರು ಹಿಡಿಯುವುದಷ್ಟೇ ಗೊತ್ತಿದ್ದ ಅವಳಿಗೆ ಅದು ವಿಚಿತ್ರವಾಗಿ ಕೇಳಿಸಿತು.

ಉಸಿರು ಹಿಡಿಯುವುದನ್ನು ಕಲಿಸಿದವಳು ಶರೀಫಾ. ಕುಬಿಹಾಳದ ಹೊರಗೆ, ಎರೆಹೊಲದ ನಡುವೆ, ಗೌಡರ ಮೆಟ್ಟಿಲಬಾವಿ. ಏಪ್ರಿಲ್ ತಿಂಗಳಲ್ಲಿ ಕಾಲಿಟ್ಟರೆ ಹಿಮ್ಮಡಿ ಹೋಗುವಷ್ಟು ಅಗಲಕ್ಕೆ ನೆಲ ಬಿರಿದಿರುತ್ತಿತ್ತು; ಆ ಬಿರುಕುಗಳನ್ನು ದಾಟುತ್ತ ದಾಟುತ್ತ ಓಡಿ, ಬಾವಿಯ ಬಾಯಿಗೆ ಬಂದು ಬಗ್ಗಿದರೆ ಮುಖಕ್ಕೆ ತಣ್ಣಗೆ ಬೇರೆಯೇ ಒಂದು ಗಾಳಿ. ಪಾಚಿಯ, ಪಾರಿವಾಳದ ಹಿಕ್ಕೆಯ, ಹಸಿ ಕಲ್ಲಿನ ವಾಸನೆ. ಅತ್ತಿಯ ಗಿಡದ ಟೊಂಗೆಗಳಿಂದ ನೀರಿನ ಮೇಲಕ್ಕೆ ಗೀಜಗನ ಗೂಡುಗಳು ಜೋತಾಡುತ್ತಿದ್ದವು. ಊರಿನ ಗಂಡಸರು ಉಂಡು ಮಲಗಿದ ಹೊತ್ತಿನಲ್ಲಿ ಆ ಬಾವಿ ಅವರಿಬ್ಬರದೇ. ಶರೀಫಾಳ ಅಪ್ಪ ರಮಜಾನ್ ಅರಳೆ ಹಿಂಜಿ ಗಾದಿ ಹೊಲಿಯುವವನು. ಆದರೆ ಊರಿಗೆ ಅವನು ಬೇಕಾಗುತ್ತಿದ್ದದ್ದು ಬಾವಿಗೆ ಕೊಡ ಬಿದ್ದಾಗ. ಬ್ರಾಹ್ಮಣರ ಓಣಿಯಿಂದಲೂ ಕರೆ ಹೋಗುತ್ತಿತ್ತು. ಅವನು ಹಿತ್ತಲ ಬಾಗಿಲಿಂದ ಬಂದು, ರುಮಾಲು ತೆಗೆದಿಟ್ಟು, ಒಂದೇ ಉಸಿರಿಗೆ ತಳಕ್ಕೆ ಹೋಗಿ ತಾಮ್ರದ ಕೊಡ ಹೊತ್ತು ಮೇಲೆ ಬರುತ್ತಿದ್ದ. ಅವನು ಹೋದ ಮೇಲೆ ಊರ್ಮಿಳಾಳ ಅವ್ವ ದ್ವಾರಕಾಬಾಯಿ ಕೊಡವನ್ನು ಮೂರು ಸಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅಪ್ಪನ ಉಸಿರು ಮಗಳಿಗೂ ಬಂದಿತ್ತು. ಶರೀಫಾ ಮುಳುಗಿದರೆ ನೀರು ಕೂಡಿಕೊಂಡು ಮತ್ತೆ ಗಾಜಿನಂತಾಗಿ, ಅದರಲ್ಲಿ ಗೀಜಗನ ಗೂಡುಗಳು ಮೂಡಿ, ಇನ್ನು ಬರುವುದಿಲ್ಲವೇನೋ ಎನ್ನುವಾಗ ಎದ್ದು, ಮುಷ್ಟಿ ಬಿಚ್ಚಿ ತಳದ ಕರಿ ಕೆಸರು ತೋರಿಸುತ್ತಿದ್ದಳು. "ನೀರಾಗ ಕಣ್ಣ ಮುಚ್ಚಬ್ಯಾಡ ಊರ್ಮಿ, ಕಣ್ಣ ಮುಚ್ಚಿದ್ರ ಅಂಜಿಕಿ ಬರ್ತೈತಿ," ಎನ್ನುತ್ತಿದ್ದಳು. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಒಂದು ಬೇಸಿಗೆ, ಬುರುಡೆ ಇಲ್ಲದೆ ಇನ್ನೊಂದು ಬೇಸಿಗೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತ ಕೂದಲು ಆರಿಸಿಕೊಳ್ಳುವುದು. ಒದ್ದೆ ಕೂದಲು ಮನೆಗೆ ಗೊತ್ತಾಗಬಾರದೆಂದು ಶರೀಫಾ ಅವಳ ಜಡೆ ಬಿಚ್ಚಿ, ಊದಿ ಊದಿ ಒಣಗಿಸಿ, ಮತ್ತೆ ಹೆಣೆದು ಕೊಡುತ್ತಿದ್ದಳು. ಅಷ್ಟು ನಿಧಾನವಾಗಿ, ಅಷ್ಟು ಅಕ್ಕರೆಯಿಂದ ಆ ನಂತರ ಯಾರೂ ಅವಳ ಕೂದಲು ಮುಟ್ಟಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದು ಕುಂದಗೋಳದ ಕಡೆಯ ಬಸ್ಸಿಗೆ ನಿಂತಾಗ ಫೋನು ರಿಂಗಾಯಿತು, ರಘೂತ್ತಮ. "ಎಲ್ಲಿದ್ದೀ? ಮೈಲಾರಿ ಹೇಳಿದ, ತಲಿಶೂಲಿ ಅಂತ ಮನಿಗೆ ಹೋದ್ರು ಅಂತ." ಅವಳು, "ಕುಬಿಹಾಳಕ್ಕ ಹೊಂಟೀನಿ," ಎಂದಳು. "ಅಲ್ಲೇನದ ಈಗ? ಮನಿ ಮಾರಿ ಹತ್ತು ವರ್ಷಾತು." ಅವಳು, "ಬಸ್ ಬಂತ್ರಿ," ಎಂದು ಫೋನಿಟ್ಟಳು. ಬಸ್ಸು ಬಂದಿರಲಿಲ್ಲ. ಬರುವವರೆಗೆ ಸೇಂಗಾ ಮಾರುವವಳ ಪಕ್ಕದ ಕಂಬಕ್ಕೆ ಆತು ನಿಂತಳು. ಕಾಲ ಕೆಳಗೆ ಭೂಮಿ ಇನ್ನೂ ದೋಣಿಯಂತೆ ತೂಗುತ್ತಿತ್ತು.

ದೋಣಿಯಂಚಿನಿಂದ ನೀರಿಗೆ ಬಿಟ್ಟಾಗ ಮೊದಲು ಕೇಳಿಸಿದ್ದು ತನ್ನದೇ ಉಸಿರು, ಯಾರೋ ದೊಡ್ಡ ಪ್ರಾಣಿ ಪಕ್ಕದಲ್ಲಿ ಮಲಗಿದಂತೆ. ಹತ್ತಡಿಗೆ ಕಿವಿ ಚುಚ್ಚಿತು. ಸಾಧಿಕ್ ಹೇಳಿಕೊಟ್ಟಂತೆ ಮೂಗು ಹಿಡಿದು ಊದಿದಳು, ಕಿವಿ ಟಪ್ಪೆಂದು ತೆರೆಯಿತು. ಆಮೇಲೆ ಹವಳ. ಹವಳವೆಂದರೆ ಅವ್ವನ ಕೊರಳಿನ ಕೆಂಪು ಮಣಿಯೆಂದಷ್ಟೇ ತಿಳಿದಿದ್ದವಳಿಗೆ ಇದು ಹವಳವೆಂದು ಗೊತ್ತಾಗಲು ಹೊತ್ತು ಹಿಡಿಯಿತು. ಬೆಲ್ಲದ ಬಣ್ಣದ್ದು, ಹಸಿರು ಹೆಸರಕಾಳಿನ ಬಣ್ಣದ್ದು, ಬೂದಿ ಬಣ್ಣದ್ದು. ಗುಡ್ಡೆಗುಡ್ಡೆಯಾಗಿ, ತಟ್ಟೆ ತಟ್ಟೆಯಾಗಿ, ಒಂದರ ಮೇಲಂತೂ ಬೇಸಿಗೆಯ ಎರೆಹೊಲದಲ್ಲಿರುವಂತೆ ಬಳಸಿ ಬಳಸಿ ಹೋದ ಬಿರುಕುಗಳು. ಮುಟ್ಟಬೇಡಿ, ಅದು ಕಲ್ಲಲ್ಲ, ಜೀವ ಎಂದು ದೋಣಿಯಲ್ಲೇ ಹೇಳಿದ್ದರು. ಹಳದಿ ಪಟ್ಟೆಯ ಮೀನುಗಳು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೂಗಿನ ಮುಂದೆ ಹಾದುಹೋದವು. ಗಿಳಿಹಸಿರಿನ ದಪ್ಪ ಮೀನೊಂದು ಹವಳವನ್ನು ಕಚ್ಚಿ ಕಚ್ಚಿ ತಿನ್ನುವ ಸದ್ದು, ಯಾರೋ ಪಕ್ಕದ ಕೋಣೆಯಲ್ಲಿ ಹುರಿದ ಪುಟಾಣಿ ಕಡಲೆ ಅಗಿದಂತೆ, ಸ್ಪಷ್ಟವಾಗಿ ಕೇಳಿಸಿತು. ಅವಳಿಗೆ ಇದನ್ನು ಯಾರಿಗಾದರೂ ಈಗಲೇ ತೋರಿಸಬೇಕೆನಿಸಿತು. ಪಕ್ಕಕ್ಕೆ ತಿರುಗಿದಳು. ರಘೂತ್ತಮ ಹೊಟ್ಟೆ ತೊಳಸಿ ಆಗಲೇ ಮೇಲೆ ಹೋಗಿದ್ದ. ಸಾಧಿಕ್ ಬೆರಳು ಕೂಡಿಸಿ 'ಎಲ್ಲಾ ಸರಿಯೇ' ಎಂದು ಸನ್ನೆಯಲ್ಲಿ ಕೇಳಿದ. ಭಾಳ ಛಲೋ ಅದ ಎನ್ನಲು ಅವಳು ಹೆಬ್ಬೆರಳೆತ್ತಿದಳು. ನೀರೊಳಗೆ ಹೆಬ್ಬೆರಳೆತ್ತಿದರೆ 'ಮೇಲೆ ಕರೆದುಕೊಂಡು ಹೋಗು' ಎಂದರ್ಥ; ಹೇಳಿಕೊಟ್ಟಿದ್ದರು, ಮರೆತಿದ್ದಳು. ಅವನು ಹಿಡಿದು ಮೇಲೆ ತಂದುಬಿಟ್ಟ. "ಎಂತ ಆಯ್ತು ಅಮ್ಮ?" "ಏನೂ ಆಗಿಲ್ಲ. ಛಲೋ ಅದ ಅಂತ ಹೇಳಿದೆ." ದೋಣಿಯಲ್ಲಿದ್ದವರೆಲ್ಲ ನಕ್ಕರು. ಅವಳ ಕಿವಿ ಬಿಸಿಯಾಯಿತು. ಸಾಧಿಕ್, "ಇನ್ನೂ ಗಾಳಿ ಉಂಟು, ಬನ್ನಿ," ಎಂದು ಮತ್ತೆ ಇಳಿಸಿದ.

ಎರಡನೆಯ ಸಲ ಆ ಬಿರುಕುಗಳ ಹವಳದ ಮೇಲೆ ಬಗ್ಗಿದಾಗ ಏನಾಯಿತೆಂದು ಅವಳಿಗೆ ಇವತ್ತಿಗೂ ಹೇಳಲಾಗುವುದಿಲ್ಲ. ಅತ್ತಳೋ, ಅಳುವಾಗ ಮುಖದ ಸ್ನಾಯು ಸಡಿಲಿ ಕನ್ನಡಕದ ಅಂಚು ಎದ್ದಿತೋ. ಉಪ್ಪುನೀರು ಕಣ್ಣಿಗೆ ಬಂತು, ಮೂಗಿಗೆ ಬಂತು. ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೆ ಅದು ಸಮುದ್ರವಾಗಿ ಉಳಿಯಲಿಲ್ಲ. ಮೇ ತಿಂಗಳ ಮಧ್ಯಾಹ್ನ, ಗೌಡರ ಬಾವಿಯ ತಳ, ಹನ್ನೆರಡು ವರ್ಷದ ಅವಳು ಮೊದಲ ಸಲ ತಾನೇ ಕೆಸರು ಮುಟ್ಟಿದ್ದಾಳೆ. ಮೇಲೇಳಲು ಹೋದರೆ ಸೊಂಟಕ್ಕೆ ಉಟ್ಟ ಪರಕಾರದ ನಿರಿಗೆ ಅತ್ತಿಯ ಬೇರಿಗೆ ಸಿಕ್ಕಿಕೊಂಡಿದೆ. ಜಗ್ಗಿದಷ್ಟೂ ಬಿಗಿಯುತ್ತಿದೆ. ಮೇಲೆ, ಬಹಳ ಮೇಲೆ, ಬೆಳಕಿನ ಒಂದು ಚೌಕ. ಎದೆಯೊಳಗಿನ ಉಸಿರು ಕೆಂಡವಾಗಿದೆ. ಆಗ ಹಿಂದಿನಿಂದ ಒಂದು ಕೈ ಬಂದು ಪರಕಾರವನ್ನು ಸರ್ರನೆ ಹರಿದು, ಅವಳ ಜಡೆಯನ್ನು ಬುಡಕ್ಕೆ ಹಿಡಿದು ಎಳೆಯಿತು. ನೇತ್ರಾಣಿಯಲ್ಲಿ ಸಿಲಿಂಡರಿನ ಕುತ್ತಿಗೆ ಹಿಡಿದು ಎಳೆದ ಹಾಗೆಯೇ.

ಸಮುದ್ರದ ಮೇಲೆ ತಲೆ ಬಂದಾಗ ಸಾಧಿಕ್ ಅವಳ ಭಾರವನ್ನೆಲ್ಲ ಬಿಚ್ಚಿ ದೋಣಿಗೆ ಕೊಟ್ಟ. ಮಗಳು ಮೇಲಿಂದ ಕೂಗುತ್ತಿದ್ದಳು. ದೋಣಿಯ ಏಣಿ ಇಪ್ಪತ್ತು ಮಾರು ದೂರದಲ್ಲಿತ್ತು. ಊರ್ಮಿಳಾ ಅವನ ಕೈ ಬಿಡಿಸಿಕೊಂಡು, ಅಂಗಾತ ತೇಲಿದ್ದವಳು ಬೋರಲಾಗಿ, ಈಸುತ್ತ ಹೋಗಿ ಏಣಿ ಹಿಡಿದಳು. ಬಾವಿಯ ಈಸು, ಕೈ ನೀರಿನ ಮೇಲೆ ಬರದಂತೆ, ಕಪ್ಪೆಯ ಹಾಗೆ. ಮೂವತ್ತೊಂಬತ್ತು ವರ್ಷ ಅದು ಎಲ್ಲಿತ್ತೋ, ಒಂದು ಕೈಯೂ ತಪ್ಪಲಿಲ್ಲ. ಏಣಿಯ ತುದಿಯಲ್ಲಿ ರಘೂತ್ತಮ ಬಾಯಿ ತೆರೆದು ನಿಂತಿದ್ದ. "ನಿನಗ ಈಸಲಿಕ್ಕೆ ಬರ್ತದ?" "ಬರ್ತದ," ಎಂದಳು. "ಶರೀಫಾ ಕಲಿಸಿದ್ಲು." "ಯಾವ ಶರೀಫಾ?" ಅವಳು ಟವೆಲು ಹೊದ್ದುಕೊಂಡಳು.

ಕುಂದಗೋಳ ದಾಟಿದ ಮೇಲೆ ಎರಡೂ ಕಡೆ ಹತ್ತಿ, ಕಡಲೆ, ಆಕಾಶದವರೆಗೆ ಕರಿ ನೆಲ. ಯಾವ ಶರೀಫಾ? ಅವತ್ತು ಬಾವಿಯ ಮೆಟ್ಟಿಲ ಮೇಲೆ ಅವಳು ನೀರು ಕಾರುತ್ತ ಬಿದ್ದಿದ್ದಾಗ, ಬಂಡಿ ಹೊಡೆದುಕೊಂಡು ಹೋಗುತ್ತಿದ್ದ ಗಂಗಪ್ಪ ಕಂಡು ಎತ್ತಿಕೊಂಡು ಮನೆಗೆ ತಂದ. ಓಣಿಯೇ ಕೂಡಿತು. ಅವ್ವ ಹರಿದ ಪರಕಾರದ ಅಂಚು ಹಿಡಿದು, "ಇದು ಹ್ಯಾಂಗಾತು? ಬಾವಿಗೆ ಯಾಕ ಹೋಗಿದ್ದಿ?" ಎಂದಾಗ ಆ ದನಿಯಲ್ಲಿದ್ದದ್ದು ಅಂಜಿಕೆಯೇ ಹೊರತು ಸಿಟ್ಟಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಊರ್ಮಿಳಾ ಹೇಳಿದ್ದು ಎರಡೇ ಶಬ್ದ. "ಶರೀಫಾ ದಬ್ಬಿದ್ಲು." ಸಂಜೆ ರಮಜಾನನನ್ನೂ ಮಗಳನ್ನೂ ಕರೆಸಿದರು. ಅಪ್ಪ ವೆಂಕಣ್ಣ ಊರಿನ ಪೋಸ್ಟ್ ಮಾಸ್ತರ. ಯಾರಿಗೂ ಏರು ದನಿಯಲ್ಲಿ ಮಾತಾಡಿದವನಲ್ಲ. "ನಿನ್ನ ಮಗಳಿಗೆ ಒಂದಿಷ್ಟು ಬುದ್ಧಿ ಹೇಳು, ರಮಜಾನ್," ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತ. ರಮಜಾನ್ ಅಂಗಳದ ಹುಣಸೆಗಿಡದಿಂದ ಬೆತ್ತದಂಥ ಹಸಿ ಬರಲೊಂದನ್ನು ಮುರಿದ. ಕಿಟಕಿಯ ಸರಳು ಹಿಡಿದು ಊರ್ಮಿಳಾ ನೋಡಿದಳು. ಶರೀಫಾ ಮೊದಲು ಇಲ್ಲ ಎಂದಳು, ಮತ್ತೆ ಇಲ್ಲ ಎಂದಳು, ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ, ಕೊನೆಗೆ "ಹೌದ, ದಬ್ಬೇನಿ," ಎಂದಳು. ಅವ್ವ, "ಸಾಕು ಬಿಡಪ್ಪಾ," ಎಂದಳು. ಹೋಗುವಾಗ ಶರೀಫಾ ಕಿಟಕಿಯ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಊರ್ಮಿಳಾ ಬದುಕಿಕೊಳ್ಳುತ್ತಿದ್ದಳು. ಮುಂದಿನ ವಾರ ಅಪ್ಪ ಹುಬ್ಬಳ್ಳಿಯಿಂದ, ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಪಾತಾಳಗರಡಿ ತಂದ. ಶಾಲೆ ತೆರೆದಾಗ ಶರೀಫಾ ಬರಲಿಲ್ಲ.

ಗಾದಿ ಹೊಲಿಯುವ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ಅರಳೆ ಹಿಂಜುವ ಮಿಷನ್ನಿನ ಗರಗರ ಬಸ್ಸು ನಿಲ್ಲುವಲ್ಲಿಗೇ ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತಾಗ ಒಳಗೆಲ್ಲ ಬಿಳಿ ಧೂಳು. ನಡುವೆ, ಹುಬ್ಬು ರೆಪ್ಪೆಗಳ ಮೇಲೂ ಅರಳೆ ಕೂತ, ಬಾಯಿಗೆ ಅರಿವೆ ಕಟ್ಟಿಕೊಂಡ ಎತ್ತರದ ಹೆಂಗಸು. ಅವಳು ಮಿಷನ್ನು ನಿಲ್ಲಿಸಿ ಅರಿವೆ ಸರಿಸಿದಳು.

"ಬರ್ರಿ ಬಾಯಾರ. ಸಿಂಗಲ್ ಬೇಕೋ ಡಬ್ಬಲ್ ಬೇಕೋ?"

"ಗಾದಿ ಬ್ಯಾಡ," ಎಂದಳು ಊರ್ಮಿಳಾ. "ನಾ ಊರ್ಮಿಳಾ. ಪೋಸ್ಟ್ ವೆಂಕಣ್ಣನವರ ಮಗಳು."

ಈಗ ಊರಿಗೆಲ್ಲ ಶರೀಫಾಬಿಯಾದ ಶರೀಫಾ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಒಂದು ಸ್ಟೂಲಿನ ಮೇಲಿನ ಅರಳೆಯನ್ನು ಸೆರಗಿನಿಂದ ಜಾಡಿಸಿ ಮುಂದಿಟ್ಟಳು. "ಭಾಳ ವರ್ಷಕ್ಕ ಬಂದ್ರಿ. ಅಪ್ಪಾರು ತೀರಿಕೊಂಡಿದ್ದು ಕೇಳಿದ್ವಿ." ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಡುತ್ತಿತ್ತು. ಊರ್ಮಿಳಾ ಸಮುದ್ರದ ಸುದ್ದಿ ತೆಗೆದಳು. ಬೆನ್ನಿಗೆ ಗಾಳಿಯ ಟಾಕಿ ಕಟ್ಟಿ ಒಳಗೆ ಬಿಟ್ಟದ್ದು, ಹವಳ, ಹಸಿರು ಮೀನು ಪುಟಾಣಿ ಅಗಿದಂತೆ ಅಗಿದದ್ದು. ಹೇಳುತ್ತ ಹೋದಂತೆ ಶರೀಫಾಬಿಯ ಕೈ ನಿಂತಿತು. ಅವಳು ಗಾದಿಯ ರಾಶಿಯ ಮೇಲೆ ಕೂತಳು.

"ತಳಾ ಸಿಕ್ತೇನ?"

"ಸಿಕ್ತು."

"ಕೆಸರಿತ್ತು?"

"ಇಲ್ಲ, ಉಸುಕು. ಬೆಳ್ಳನ್ನ ಉಸುಕು."

"ಎಷ್ಟೊತ್ತ ಇದ್ದಿ ಒಳಗ?"

"ಅರ್ಧಾ ತಾಸು."

ಶರೀಫಾಬಿ ನಕ್ಕಳು. "ಉಸರಾಡಿಕೋತ ಅರ್ಧಾ ತಾಸು ಯಾರರ ಇರ್ತಾರ. ಅದೆಂಥಾ ಮುಳುಗು." ಗೌರವದ 'ಬಾಯಾರ' ಹೋಗಿ 'ನೀ' ಆಗಿದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಆ ನಗುವಿನ ಆಸರೆಯಲ್ಲಿ ಊರ್ಮಿಳಾ ಕೇಳಿದಳು, "ನೀ ಈಗ ಈಸತೀಯೇನು?"

"ಅವತ್ತಿನಿಂದ ನಾ ನೀರಿಗೆ ಇಳದಿಲ್ಲ," ಎಂದಳು ಶರೀಫಾಬಿ. "ನನ್ನ ಹೆಣ್ಣಮಕ್ಕಳನ್ನೂ ಇಳಿಸಿಲ್ಲ. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋತು. ನೀ ಬಾಗಲದಾಗ ನಿಂತಾಗ ಎದಿ ಹೊಡಕೊಳ್ಳಾಕತ್ತಿತ್ತು. ಕೇಳಾಕ ಬಂದಿ ಅಂತ ತಿಳಕೊಂಡೆ."

"ಏನ ಕೇಳಲಿಕ್ಕೆ?"

"ಯಾಕ ದಬ್ಬಿದಿ ಅಂತ."

ಊರ್ಮಿಳಾಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. "ನೀ ದಬ್ಬಲಿಲ್ಲ ಶರೀಫಾ."

"ದಬ್ಬೇನಿ ಅಂತ ನಾನ ಹೇಳೇನಲ್ಲ."

"ಬಡದಿದ್ದಕ್ಕ ಹೇಳಿದಿ."

"ಮೊದಲ ಬಡತಕ್ಕ ಹೇಳಿದೆ," ಎಂದಳು ಶರೀಫಾಬಿ, ಬಹಳ ಸಲ ಯೋಚಿಸಿಟ್ಟ ಮಾತನ್ನು ಮೊದಲ ಸಲ ಹೊರಗೆ ಇಡುವವಳ ಹಾಗೆ. "ಆಮ್ಯಾಲ ಕುಂತಾಗ ನಿಂತಾಗ ನೆನಸ್ತಿದ್ದೆ. ಮೆಟ್ಟಲ ಮ್ಯಾಲ ನೀ ಮುಂದಿದ್ದಿ, ನಾ ಹಿಂದಿದ್ದೆ. ಚಾಷ್ಟಿಗೆ, ನಗಾಕಂತ ಕೈ ಹಚ್ಚಿದ್ನೇನೋ. ಊರ್ಮಿ ಯಾಕ ಸುಳ್ಳ ಹೇಳತಾಳ, ಆಕಿ ನನ್ನ ಗೆಳತಿ. ಹಂಗ ನೆನಿಸಿ ನೆನಿಸಿ ನನ್ನ ಕೈಗೆ ನಿನ್ನ ಬೆನ್ನ ತಾಗಿದ್ದು ನೆನಪಿಗೆ ಬರಾಕ ಹತ್ತಿತು. ಈಗೂ ಬರ್ತೈತಿ."

ಮಿಷನ್ನಿನ ಪಟ್ಟಿಯ ಮೇಲೆ ಅರಳೆಯ ಎಸಳೊಂದು ಮೆಲ್ಲಗೆ ಇಳಿಯಿತು. ಆ ಎರಡು ಶಬ್ದ ತನ್ನೊಳಗೆ ಇದೆಯೆಂದು, ತಾನೊಬ್ಬಳೇ ಅದನ್ನು ಹೊತ್ತಿದ್ದೇನೆಂದು ಊರ್ಮಿಳಾ ಇಷ್ಟು ವರ್ಷ ತಿಳಿದಿದ್ದಳು. ಆ ಭಾರದ ಬಗ್ಗೆ ಒಳಗೊಳಗೆ ಒಂದು ಬಗೆಯ ಹೆಮ್ಮೆಯೂ ಇತ್ತೇನೋ. ಅದು ಇಲ್ಲಿ, ಈ ಧೂಳಿನಲ್ಲಿ, ನಿಜವಾಗಿ ಬೆಳೆದು ಸಂಸಾರ ಮಾಡಿಕೊಂಡಿತ್ತು. ಅವಳು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಬೇರಿಗೆ ಪರಕಾರ ಸಿಕ್ಕದ್ದು. ತಳಕ್ಕೆ ತಾನಾಗಿಯೇ ಹೋದದ್ದು. "ನೀ ಬಂದು ಹರದಿ. ನನ್ನ ಜಡಿ ಹಿಡದು ಎಳದಿ. ನೀ ಎಳೀಲಿಲ್ಲಂದ್ರ ನಾ ಇರ್ತಿದ್ದಿಲ್ಲ. ಅವ್ವ ಬೈತಾಳಂತ ಅಂಜಿ ಸುಳ್ಳ ಹೇಳಿದೆ." ಶರೀಫಾಬಿ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಬೇರೆ ಭಾಷೆಯವರ ಮಾತು ಕೇಳುವಂತೆ. ಮುಗಿದ ಮೇಲೆ ಎದ್ದಳು.

"ಒಳಗ ಬಾ. ಅಪ್ಪಾಗ ಹೇಳು."

ರಮಜಾನ್ ಬದುಕಿದ್ದಾನೆಂಬುದು ಊರ್ಮಿಳಾಳಿಗೆ ಗೊತ್ತಿರಲಿಲ್ಲ. ಒಳಕೋಣೆಯ ಮಂಚದ ಮೇಲೆ, ಅಗಲವಾದ ಎದೆಗೂಡು ಮಾತ್ರ ಉಳಿದ ಮುದುಕ, ಗೋಡೆಗೆ ಒರಗಿ ಕೂತಿದ್ದ. "ಜೋರ್ಲೆ ಹೇಳು, ಕಿವಿ ಕೇಳಂಗಿಲ್ಲ," ಎಂದಳು ಶರೀಫಾಬಿ. ಊರ್ಮಿಳಾ ಹೇಳಿದಳು. ಅವನು, "ಯಾರ?" ಎಂದ. ಪೋಸ್ಟ್ ವೆಂಕಣ್ಣನವರ ಮಗಳು ಎಂದು ಶರೀಫಾಬಿ ಕೂಗಿ ಹೇಳಿದಾಗ ಗಡಬಡಿಸಿ ಕಾಲು ಕೆಳಗಿಳಿಸಿದ. "ಬಂದ್ನಿರಿ. ಕೊಡಾ ಬಿತ್ತೇನ್ರಿ?"

"ಶರೀಫಾ ನನ್ನ ದಬ್ಬಲಿಲ್ಲ," ಎಂದು ಊರ್ಮಿಳಾ ಕೂಗಿದಳು. ಅಷ್ಟು ಜೋರಾಗಿ ಅವಳು ಎಂದೂ ಮಾತಾಡಿರಲಿಲ್ಲ. ದನಿ ಒಡೆದು ತನ್ನದಲ್ಲವೆಂಬಂತೆ ಹೊರಬಿತ್ತು. ಓಣಿಯಲ್ಲಿ ಮೊರದ ಸದ್ದು ನಿಂತಿತು. ಯಾರೋ ಇಬ್ಬರು ಬಾಗಿಲಿಗೆ ಬಂದರು. ಅವಳು ಅವರನ್ನು ಕಂಡೂ ಮತ್ತೆ ಕೂಗಿದಳು. "ನಾ ಸುಳ್ಳ ಹೇಳಿದ್ದೆ. ಆಕಿ ನನ್ನ ಉಳಿಸಿದ್ಲು."

ಮುದುಕ ಅವಳನ್ನೂ ಮಗಳನ್ನೂ ನೋಡಿದ. ಮೊಣಕಾಲ ಮೇಲಿನ ಕೈಗಳನ್ನು ಒಮ್ಮೆ ತಿರುವಿ ಹಾಕಿದ. "ಗೊತ್ತೈತ್ರಿ," ಎಂದ. "ಹೊಡದ ಮ್ಯಾಲ ಗೊತ್ತಾತು. ಮರುದಿನ ಬಾವಿಗೆ ಇಳದಿದ್ನಿ. ಪರಕಾರದ ತುಂಡ ಬೇರಿನ್ಯಾಗ ಇತ್ತು. ತಗದ ತಂದ್ನಿ." ಅವನು ಸುಧಾರಿಸಿಕೊಂಡ. "ತಂದು ಯಾರಿಗೆ ತೋರಸ್ಲಿ? ಮಾಸ್ತರ್ ಮನಿಗೆ ಒಯ್ದು, ನಿಮ್ಮ ಮಗಳ ಸುಳ್ಳ ಹೇಳ್ಯಾಳ ಅನ್ಲಿ? ಒಲಿಗೆ ಹಾಕಿದ್ನಿ."

"ನನಗರೆ ಹೇಳಬೇಕಿತ್ತಪ್ಪಾ," ಎಂದಳು ಶರೀಫಾಬಿ, ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿದ್ದ ಊರ್ಮಿಳಾಳಿಗಷ್ಟೇ ಕೇಳಿಸಿತು. ಮುದುಕ, "ಆಂ?" ಎಂದ. ಅವಳು ಮತ್ತೊಮ್ಮೆ ಹೇಳಲಿಲ್ಲ. ತಿರುಗಿ ಹಿತ್ತಲಿಗೆ ಹೋದಳು.

ಊರ್ಮಿಳಾ ಹಿಂದೆ ಹೋಗಿ ಹೊಸ್ತಿಲಲ್ಲಿ ನಿಂತಳು. ಹಿತ್ತಲಲ್ಲಿ ಸಿಮೆಂಟಿನ ಟಾಕಿ, ಕಂಠಮಟ ನೀರು. ಶರೀಫಾಬಿ ಸೆರಗನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈಯಿಂದ ಟಾಕಿಯ ಅಂಚು ಹಿಡಿದು ಬಗ್ಗಿದಳು. ಮುಖ ತೊಳೆಯುತ್ತಾಳೆ ಎಂದುಕೊಂಡಳು ಊರ್ಮಿಳಾ. ಮುಖ ನೀರೊಳಗೆ ಹೋಯಿತು, ಕಿವಿ ಹೋಯಿತು, ನರೆತ ತುರುಬೂ ಮುಳುಗಿತು. ಕೂದಲಲ್ಲಿದ್ದ ಅರಳೆಯ ಎಸಳುಗಳು ಬಿಡಿಸಿಕೊಂಡು ಮೇಲೆ ಬಂದು ಒಂದೊಂದಾಗಿ ಹರಡಿಕೊಂಡವು. ನೀರು ಅಲುಗಿ, ಅಲುಗಿ, ನಿಂತಿತು. ಒಂದು ಗುಳ್ಳೆಯೂ ಬರಲಿಲ್ಲ. ಗೋಡೆಯ ಮೇಲೆ ಬೆಕ್ಕೊಂದು ಹಾದುಹೋಯಿತು. ಒಳಗಿಂದ ಮುದುಕ ಏನೋ ಕೇಳಿದ. ಅಂಚನ್ನು ಹಿಡಿದಿದ್ದ ಬೆರಳುಗಳು ಸಡಿಲವಾಗಿಯೇ ಇದ್ದವು.

ತಲೆ ಮೇಲೆ ಬಂತು. ಶರೀಫಾಬಿ ಕಣ್ಣು ತೆರೆದೇ ಇದ್ದಳು. ನೀರು ಹುಬ್ಬಿನಿಂದ, ಗಲ್ಲದಿಂದ, ಕುಪ್ಪಸದೊಳಕ್ಕೆ ಸುರಿಯುತ್ತಿತ್ತು.

"ಉಸರ ಹಿಡಿಯಾಕ ಇನ್ನೂ ಬರ್ತೈತಿ," ಎಂದಳು, ಯಾರಿಗೆಂದಿಲ್ಲದೆ.

ಎದೆ ತುಂಬ ಉಸಿರು ತೆಗೆದುಕೊಂಡು ಮತ್ತೆ ಬಗ್ಗಿದಳು.